ಮೇಲಿನ ರ್ಯಾಕಿಗೆ ಏರದ ಲಿಫ್ಟು

ರಾಯಚೂರು
8 ಅಕ್ಟೋಬರ್ 2025

ಅಣ್ಣ ಯಲ್ಲಾಲಿಂಗನಿಗೆ ತಂಗಿ ಶಶಿಕಲಾಳ ನಮಸ್ಕಾರ.

ಯುಗಾದಿಗೆ ಮೊದಲು ಹೈದರಾಬಾದಿನಲ್ಲಿ ನಿನ್ನ ಗಂಟಲಿನ ಆಪರೇಷನ್ ಆದಾಗಿನಿಂದ ನಿನ್ನ ಫೋನು ಬಂದ್ ಇದೆ. ಮಾತು ಹೋದವನಿಗೆ ಫೋನು ಯಾಕೆ ಎಂದು ನೀನೇ ಚೀಟಿಯಲ್ಲಿ ಬರೆದು ತೋರಿಸಿದ್ದೆ. ಹಾಗಾಗಿ ಈ ಕಾಗದ. ದೇವದುರ್ಗಕ್ಕೆ ಬರುವ ಸಂಜೆ ಬಸ್ಸಿನ ಕಂಡಕ್ಟರ್ ಇಮಾಮಹುಸೇನ ಅಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ. ಬಸ್ ಸ್ಟ್ಯಾಂಡಿನ ಗಡಿಗೆಪ್ಪನ ಚಹಾದಂಗಡಿಯಲ್ಲಿ ಇಟ್ಟು ನಿನಗೆ ಹೇಳಿ ಕಳಿಸುತ್ತಾನಂತೆ, ನಿನ್ನ ಉತ್ತರವನ್ನೂ ಅಲ್ಲೇ ಕೊಡು. "ಈ ಕಾಲದಾಗ ಕಾಗದ ಒಯ್ಯೋ ಕಂಡಕ್ಟರ್ ನಾನೊಬ್ಬನೇ ಉಳಿದೀನಿ ನೋಡವಾ" ಎಂದು ನಕ್ಕ.

ಪಂಚಮಿಗೆ ಉಂಡಿ ಕಟ್ಟಿಕೊಂಡು ನಿನ್ನ ಮನೆಗೆ ಬಂದಿದ್ದೆ. ನೀನು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ಬಹಳ ಹೊತ್ತಿನ ಮೇಲೆ ಬಾಗಿಲ ಕೆಳಗಿನಿಂದ ಚೀಟಿ ಬಂತು, ಇನ್ನು ಬರಬೇಡ ಅಂತ. ಯಾಕೆಂದು ಬರೆದಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಅದನ್ನು ಈಗ ಕೇಳುವುದಿಲ್ಲ, ಇವತ್ತು ಬರೆಯುತ್ತಿರುವುದು ಬೇರೆ ಕೆಲಸಕ್ಕೆ.

ಕೋಲ್ಡ್ ಸ್ಟೋರೇಜ್ ಗೋದಾಮಿನಲ್ಲಿ ನಾನು ಓಡಿಸುವ ಬ್ಯಾಟರಿ ಫೋರ್ಕ್‌ಲಿಫ್ಟ್ ಕೈಕೊಟ್ಟಿದೆ. ಮೆಣಸಿನಕಾಯಿ ಚೀಲ ಪೇರಿಸಿದ ಕಟ್ಟಿಗೆಯ ಪ್ಯಾಲೆಟ್ಟನ್ನು ಕೆಳಗಿನ ರ್ಯಾಕಿಗೆ, ನಡುವಿನ ರ್ಯಾಕಿಗೆ ಸಲೀಸಾಗಿ ಎತ್ತುತ್ತದೆ. ಮೇಲಿನ ರ್ಯಾಕಿಗೆ ಹೋಗುವಾಗ ಅರ್ಧಕ್ಕೇ ನಿಧಾನವಾಗಿ, ಗೋಳಿಡುತ್ತ ನಿಂತುಬಿಡುತ್ತದೆ. ಹೊರಗೆ ಲಾರಿಗಳು ಸಾಲು ಹಿಡಿದಿವೆ. ನಮ್ಮ ಸೂಪರ್‌ವೈಸರ್ ಸತ್ತಾರ್ ಸಾಬ್ ದಿನಕ್ಕೊಮ್ಮೆ ಬಂದು, "ಗಾಡಿಗಿ ಏನ್ ಮಾಡಿಟ್ಟೀ ಶಶಿಕಲಾ?" ಅನ್ನುತ್ತಾರೆ. ನಾನು ಏನೂ ಮಾಡಿಲ್ಲ.

ಟಿಪ್ಪರು, ಜೆಸಿಬಿ, ಎಣ್ಣೆಯ ಜಾಕು ಅಂತ ನೀನು ಇಷ್ಟು ವರ್ಷ ರಿಪೇರಿ ಮಾಡಿದವನು. ನಿನಗೆ ನಟ್ಟು ಬಿಚ್ಚುವ ಪಾನಾ ಎತ್ತಿ ಕೊಡುತ್ತಲೇ ನಾನು ಈ ಕೆಲಸ ಕಲಿತದ್ದು. ಒಂದು ದಿನ ಬಂದು ನೋಡು. ಪಾನಾ ಪೆಟ್ಟಿಗೆಯನ್ನೂ ತಾ. ಮಾನ್ವಿಯ ಗ್ಯಾರೇಜಿನ ತಿರುಪತಿ ಬಂದು ಆ ಪೆಟ್ಟಿಗೆ ನೋಡಿಕೊಂಡು ಹೋದನಂತೆ, ಎಳ್ಳಮಾಸಿ ಅಮಾವಾಸ್ಯೆ ಕಳೆದ ಮೇಲೆ ಒಯ್ಯುತ್ತಾನಂತೆ. ಇಮಾಮಹುಸೇನ ಅಣ್ಣ ಹೇಳಿದ. ಕೊಡಬೇಡ ಅಣ್ಣಾ. ಅದು ಹೋದರೆ ನೀನು ಆ ಮನೆಯಿಂದ ಹೊರಗೇ ಬರುವುದಿಲ್ಲ ಅಂತ ನನಗೆ ಹೆದರಿಕೆ.

ನಿನ್ನ ತಂಗಿ,
ಶಶಿಕಲಾ


ದೇವದುರ್ಗ
12 ಅಕ್ಟೋಬರ್ 2025

ಶಶಿಗೆ,

ಕಾಗದ ಮುಟ್ಟಿತು. ನಾನು ಬರುವುದಿಲ್ಲ. ಪೆಟ್ಟಿಗೆ ನನ್ನದು, ಅದರ ಮಾತು ಬಿಡು.

ಗಾಡಿ ಕೆಟ್ಟಿದೆ ಎಂದು ಬರೆದರೆ ನಾನೇನು ಜ್ಯೋತಿಷ್ಯ ಹೇಳಲೇ? ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡು. ಮೊದಲು ಬ್ಯಾಟರಿ ನೋಡು. ಚಾರ್ಜ್ ಇಳಿದಾಗ ಎತ್ತುವ ಕೆಲಸವನ್ನು ತಾನೇ ನಿಲ್ಲಿಸುವ ಗಾಡಿಗಳಿವೆ. ಪೂರ್ತಿ ಚಾರ್ಜ್ ಆದ ಮೇಲೂ ಹೀಗೇ ಮಾಡುತ್ತದೆಯೇ? ಪ್ಯಾಲೆಟ್ ಇಲ್ಲದೆ ಮುಂದಿನ ಕಬ್ಬಿಣದ ಫೋರ್ಕನ್ನು ಖಾಲಿ ಎತ್ತಿದರೂ ಅದೇ ಎತ್ತರಕ್ಕೆ ನಿಲ್ಲುತ್ತದೆಯೇ, ಅಥವಾ ಭಾರ ಇದ್ದಾಗ ಮಾತ್ರವೇ? ಫೋರ್ಕನ್ನು ಪೂರ್ತಿ ನೆಲಕ್ಕೆ ಇಳಿಸಿ, ಆಮೇಲೆ ಟ್ಯಾಂಕಿನ ಕಡ್ಡಿ ತೆಗೆದು ಎಣ್ಣೆ ಎಷ್ಟಿದೆ ನೋಡು. ಮೇಲೆತ್ತಿಟ್ಟು ನೋಡಿದರೆ ಎಣ್ಣೆಯೆಲ್ಲ ಸಿಲಿಂಡರಿನಲ್ಲಿರುತ್ತದೆ, ಕಡಿಮೆ ಇದ್ದಂತೆ ಕಾಣುತ್ತದೆ. ಎಷ್ಟೋ ಮಂದಿ ಹಾಗೆ ಮೋಸ ಹೋಗಿ ಎಣ್ಣೆ ಸುರಿದು ಸುರಿದು ನೆಲವೆಲ್ಲ ಜಾರುವಂತೆ ಮಾಡಿಟ್ಟಿದ್ದಾರೆ. ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿದೆಯೇ, ನೊರೆ ಇದೆಯೇ, ಅದನ್ನೂ ಬರೆ.

ಎತ್ತಿದ ಫೋರ್ಕಿನ ಕೆಳಗೆ ಮಾತ್ರ ಕಾಲಿಡಬೇಡ. ಒಂದೇ ನಿಮಿಷದ ಕೆಲಸ ಎಂದು ಹೋದವರನ್ನು ನಾನು ಎತ್ತಿ ತಂದಿದ್ದೇನೆ.

ಯಲ್ಲಾಲಿಂಗ


ರಾಯಚೂರು
16 ಅಕ್ಟೋಬರ್ 2025

ಅಣ್ಣಾ,

ನಿನ್ನ ಬೈಗುಳ ಓದಿ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ನೀನು ಕೇಳಿದ್ದೆಲ್ಲ ನೋಡಿದೆ. ಬ್ಯಾಟರಿ ಪೂರ್ತಿ ಇದೆ. ಖಾಲಿ ಫೋರ್ಕ್ ಎತ್ತಿದರೂ ಅದೇ ಎತ್ತರಕ್ಕೆ ಗೋಳಿಟ್ಟು ನಿಲ್ಲುತ್ತದೆ, ಭಾರ ಹೇರಿದರೂ ಅಷ್ಟೇ. ಇಳಿಸುವಾಗ ಏನೂ ತಕರಾರಿಲ್ಲ. ಎಣ್ಣೆ ಗುರುತಿನವರೆಗೂ ಇದೆ, ಬಣ್ಣ ಚೆನ್ನಾಗಿದೆ. ಅದರ ಸದ್ದು ಹೇಗಿದೆ ಎಂದರೆ, ತಂಬಿಗೆಯ ತಳದ ಮಜ್ಜಿಗೆಯನ್ನು ನಳಿಗೆ ಹಾಕಿ ಹೀರಿದ ಹಾಗೆ. ಹೊರಗಿನಿಂದ ಕರೆಸಿದ ಮೆಕ್ಯಾನಿಕ್ ಪಂಪೇ ಹೋಗಿದೆ ಎಂದು ಹೇಳಿ ಹೋದ. ಹೊಸದು ಬರುವವರೆಗೆ ಕೈಯಿಂದಲೇ ಚೀಲ ಏರಿಸಿ ಎಂದ. ಬಂದಾಗಿನಿಂದ ಹೋಗುವವರೆಗೂ ಸೀನುತ್ತಲೇ ಇದ್ದ. ಇಲ್ಲಿಗೆ ಹೊಸಬರು ಯಾರು ಬಂದರೂ ಹಾಗೇ, ನಾವೆಲ್ಲ ನಿಂತು ನಗುತ್ತೇವೆ.

ಮಹಾನವಮಿಗೆ ಮುಂಚೆ ಗಾಡಿ ಚೆನ್ನಾಗಿಯೇ ಇತ್ತು. ಆಯುಧ ಪೂಜೆಗೆ ತೊಳೆದು, ಬಾಳೆಕಂದು ಕಟ್ಟಿ ಭರ್ಜರಿ ಪೂಜೆ ಮಾಡಿದೆವು. ಮೆಣಸಿನಕಾಯಿ ಆರಿಸುವ ಹುಲಗೆಮ್ಮಕ್ಕ ವಿಭೂತಿ ಉಂಡೆ ಪುಡಿಮಾಡಿ, ಈಬತ್ತಿ ಕಲಸಿ ಗಾಡಿಗೆ ತಾನೇ ಬಳಿದಳು. "ಯವ್ವಾ, ನಮ್ಮ ಹೊಟ್ಟಿಗಿ ಹಾಕೋ ಗಾಡಿ, ಇದಕ್ಕ ಕೈ ಬಿಗಿ ಹಿಡೀಬಾರ್ದು" ಅಂದಳು. ಎಷ್ಟು ಪೂಜೆ ಮಾಡಿದರೂ ಹೀಗಾಯಿತಲ್ಲ ಎಂದು ಈಗ ಅವಳಿಗೂ ಸಂಕಟ, ಯಾರದೋ ಕಣ್ಣು ಬಿದ್ದಿದೆ ಎನ್ನುತ್ತಾಳೆ.

ಇದಿಷ್ಟರ ಮೇಲೆ ಏನು ತಿಳಿಯುತ್ತದೆ ಹೇಳು. ಇಲ್ಲದಿದ್ದರೆ ನೀನೇ ಬಂದು ನೋಡು.

ಶಶಿಕಲಾ


ದೇವದುರ್ಗ
18 ಅಕ್ಟೋಬರ್ 2025

ಶಶಿಗೆ,

ಪಂಪಿಗೆ ಏನೂ ಆಗಿಲ್ಲ. ಪಂಪು ಸವೆದಿದ್ದರೆ ಭಾರ ಬಂದಾಗ ಸೋಲುತ್ತಿತ್ತು, ಖಾಲಿ ಇದ್ದಾಗ ಏರುತ್ತಿತ್ತು. ನಿನ್ನ ಗಾಡಿ ಭಾರ ನೋಡುತ್ತಿಲ್ಲ, ಎತ್ತರ ನೋಡುತ್ತಿದೆ. ಫೋರ್ಕ್ ಮೇಲೇರಿದಷ್ಟೂ ಟ್ಯಾಂಕಿನ ಎಣ್ಣೆ ಸಿಲಿಂಡರಿಗೆ ಹೋಗುತ್ತದೆ. ಎಣ್ಣೆ ಹೋದ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಬರದಿದ್ದರೆ ಪಂಪು ಎಷ್ಟು ಎಳೆದರೂ ಎಣ್ಣೆ ಬರುವುದಿಲ್ಲ, ಗೋಳಿಡುತ್ತದೆ. ಗಾಳಿ ಒಳಗೆ ಬರುವುದು ಟ್ಯಾಂಕಿನ ಮುಚ್ಚಳದ ಸಣ್ಣ ತೂತುಗಳಿಂದ.

ಗಾಡಿ ಹತ್ತುವ ಮೆಟ್ಟಿಲ ಪಕ್ಕದಲ್ಲಿ ಕರಿ ಮುಚ್ಚಳ ಇರುತ್ತದೆ, ಗುಂಡಗೆ ಎದ್ದು ಕಾಣುತ್ತದೆ. ನಿನ್ನ ಹುಲಗೆಮ್ಮ ಅದಕ್ಕೂ ಈಬತ್ತಿ ಬಳಿದಿದ್ದಾಳೆ, ಬಳಿಯದೆ ಬಿಟ್ಟಿರುವುದಿಲ್ಲ. ಕಲಸಿದ ಈಬತ್ತಿ ಎಣ್ಣೆ ಜಿಡ್ಡಿನ ಮೇಲೆ ಒಣಗಿದರೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ದೇವರ ಈಬತ್ತಿಯನ್ನು ನೀವ್ಯಾರೂ ಒರೆಸುವವರಲ್ಲ. ಮೆಕ್ಯಾನಿಕ್ಕೂ ಕೈ ಮುಗಿದು ಹೋಗಿರಬೇಕು.

ಹೀಗೆ ಮಾಡು. ಖಾಲಿ ಫೋರ್ಕನ್ನು ಗೋಳಿಡುವ ಎತ್ತರಕ್ಕೆ ಎತ್ತಿ ನಿಲ್ಲಿಸು. ಕೀಲಿ ತೆಗೆ. ಪಕ್ಕದಲ್ಲಿ ನಿಂತು ಮುಚ್ಚಳವನ್ನು ನಿಧಾನವಾಗಿ ಸಡಿಲಿಸು. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ನಾನು ಹೇಳಿದ್ದು ಖರೆ. ಮುಚ್ಚಳ ತೊಳೆದು, ಪೂರ್ತಿ ಒಣಗಿಸಿ ಹಾಕು. ಟ್ಯಾಂಕಿನೊಳಗೆ ಒಂದು ಹನಿ ನೀರೂ ಹೋಗಕೂಡದು.

ಇದು ನನಗೆ ಬೇಗ ಹೊಳೆಯಿತು. ನಾನೂ ಈಗ ಆಪರೇಷನ್ನಿನಲ್ಲಿ ಕೊರಳಿಗೆ ಮಾಡಿದ ತೂತಿನಿಂದಲೇ ಉಸಿರಾಡುವವನು. ದಿನಾ ಬೆಳಿಗ್ಗೆ ಕನ್ನಡಿ ಹಿಡಿದು ಅದನ್ನು ಒರೆಸಿಕೊಳ್ಳುತ್ತೇನೆ. ಒಂದು ನೊಣ ಹತ್ತಿರ ಬಂದರೂ ಜೀವ ಹಾರುತ್ತದೆ.

ಯಲ್ಲಾಲಿಂಗ


ರಾಯಚೂರು
3 ನವೆಂಬರ್ 2025

ಅಣ್ಣಾ,

ತಡವಾಗಿ ಬರೆಯುತ್ತಿದ್ದೇನೆ. ದೀಪಾವಳಿ ಬಂತು, ಹೋಯಿತು. ನಾನು ಒಬ್ಬಳೇ ಇದ್ದೆ. ಮನೆ ಮಾಲಕಿ ನೂರ್ ಬೀ ಸಂಜೆ ಬಂದು, "ಕತ್ತಲದಾಗ ಯಾಕ ಕುಂತೀ, ಒಂದು ದೀಪ ಹಚ್ಚು" ಎಂದು ತಾನೇ ಎಣ್ಣೆ ತಂದು ಕೊಟ್ಟಳು. ಮಾನ್ವಿಯಲ್ಲಿ ಗಂಡನ ಮನೆಯಲ್ಲಿದ್ದಾಗ ಹಬ್ಬ ಬಂದರೆ ಭಯವಾಗುತ್ತಿತ್ತು, ಯಾವುದಕ್ಕೆ ಜಗಳ ಎದ್ದೀತೋ ಎಂದು. ಬಿಟ್ಟು ಬಂದ ಮೇಲೆ ಜಗಳವಿಲ್ಲ. ಜಗಳವಾಡಲೂ ಯಾರೂ ಇಲ್ಲ ಎನ್ನುವುದು ಹಬ್ಬದ ದಿನ ಬಹಳ ಅನ್ನಿಸುತ್ತದೆ.

ಮುಚ್ಚಳ ತೆಗೆದೆ. ನೀನು ಹೇಳಿದ ಹಾಗೇ ಸುಯ್ ಎಂದಿತು. ಈಬತ್ತಿ ಗಟ್ಟಿಯಾಗಿ ತೂತೆಲ್ಲ ಮುಚ್ಚಿತ್ತು. ಹುಲಗೆಮ್ಮಕ್ಕ ಕೆನ್ನೆ ಕೆನ್ನೆ ಬಡಿದುಕೊಂಡು, "ನನ್ನ ಕೈಯಾರೆ ಅದರ ಉಸುರು ಕಟ್ಟಿದ್ನಲ್ಲಾ" ಎಂದು ಅತ್ತಳು. ತೊಳೆದು ಹಾಕಿದೆವು.

ಆದರೆ ಗಾಡಿ ಪೂರ್ತಿ ಸರಿಯಾಗಿಲ್ಲ. ಈಗ ಬೇರೆ ತಕರಾರು. ಎತ್ತಿ ನಿಲ್ಲಿಸಿದ ಪ್ಯಾಲೆಟ್ ತಾನಾಗಿಯೇ ಸ್ವಲ್ಪ ಸ್ವಲ್ಪ ಕೆಳಗೆ ಜಾರುತ್ತದೆ. ಕಾಗದದಲ್ಲಿ ತಿಳಿಯುವಂಥದ್ದಲ್ಲ ಇದು, ಕಣ್ಣಿಂದ ನೋಡಬೇಕು. ಸತ್ತಾರ್ ಸಾಬರಿಗೂ ಹೇಳಿದ್ದೇನೆ. "ನಿಮ್ಮಣ್ಣನ್ನ ಕರ್ಸು, ಗೋದಾಮಿನಾಗ ಎಷ್ಟೊತ್ತು ಬೇಕಾದ್ರೂ ಇದ್ದು ನೋಡ್ಲಿ" ಅಂದಿದ್ದಾರೆ. ಪೆಟ್ಟಿಗೆ ತೆಗೆದುಕೊಂಡು ಬಾ.

ಶಶಿಕಲಾ


ದೇವದುರ್ಗ
9 ನವೆಂಬರ್ 2025

ಶಶಿಗೆ,

ಜಾರುತ್ತದೆ ಎಂದರೆ ಎಷ್ಟು ಜಾರುತ್ತದೆ? ಹಗುರವಾದ ಒಂದು ಪ್ಯಾಲೆಟ್ಟನ್ನು ಆಳೆತ್ತರಕ್ಕೆ ಎತ್ತಿ, ಫೋರ್ಕ್ ಏರುವ ಕಂಬದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಹಾಕು. ಕೀಲಿ ತೆಗೆದು ಒಂದು ಚಹಾ ಕುಡಿದು ಬಂದು ನೋಡು. ಬೆರಳಗಲ ಇಳಿದಿದ್ದರೆ ತಲೆ ಕೆಡಿಸಿಕೊಳ್ಳಬೇಡ, ಹಳೆಯ ಗಾಡಿಗಳು ಅಷ್ಟು ಇಳಿಯುತ್ತವೆ. ಅಂಗೈಯಗಲ ಇಳಿದಿದ್ದರೆ ಸಿಲಿಂಡರಿನ ರಾಡನ್ನು ಬಟ್ಟೆಯಿಂದ ಒರೆಸಿ ನೋಡು. ಎಣ್ಣೆ ಹತ್ತಿದರೆ ಸೀಲು ಹೋಗಿದೆ. ಒಣಗಿದ್ದರೆ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ, ಅದರ ಬಾಯಲ್ಲಿ ಕಸ ಕುಳಿತಿರಬಹುದು. ಎರಡರಲ್ಲಿ ಯಾವುದು ಎಂದು ತಿಳಿಯದೆ ಯಾವುದನ್ನೂ ಬಿಚ್ಚಲು ಬಿಡಬೇಡ. ಗಾಡಿಯ ಗುಣ ನೋಡುವುದಕ್ಕೆ ಎರಡು ದಿನ ಹೋದರೂ ಚಿಂತೆಯಿಲ್ಲ.

ಈ ಕಾಗದ ಬರೆಯುವುದಕ್ಕೆ ನಾನೂ ಎರಡು ದಿನ ತೆಗೆದುಕೊಂಡೆ. ಗೋಡೆಯ ಮೇಲೆ ಇದ್ದಿಲಿನಿಂದ ಸಿಲಿಂಡರು, ವಾಲ್ವು, ಪೈಪು ಎಲ್ಲ ಬರೆದು ಎಣ್ಣೆ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡುತ್ತ ಕುಳಿತೆ. ಊಟದ ನೆನಪೇ ಆಗಲಿಲ್ಲ. ಹಿಂಗ ಹೊತ್ತು ಹೋಗಿ ಬಹಳ ದಿನವಾಗಿತ್ತು.

ನಿನ್ನ ಕಾಗದ ತರಲು ಗಡಿಗೆಪ್ಪನ ಅಂಗಡಿಗೆ ಹೋಗಬೇಕಾಗುತ್ತದೆ. ಮೊದಲ ಸಲ ಹೋದಾಗ ಎಲ್ಲರೂ ಬಂದು ಮಾತಾಡಿಸಿದರು. ನನಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ. ಆದರೂ ಜನ ನನ್ನ ಹತ್ತಿರ ಬಂದು ಕಿರುಚುತ್ತಾರೆ. ನಾನು ಚೀಟಿ ತೆಗೆದು ಉತ್ತರ ಬರೆಯುವಷ್ಟರಲ್ಲಿ ಅವರ ಮಾತು ಬೇರೆ ಕಡೆ ಹೋಗಿರುತ್ತದೆ. ಬರೆದ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬರುತ್ತೇನೆ. ಈಗ ಯಾರೂ ಮಾತಾಡಿಸುವುದಿಲ್ಲ. ಬೆರಳೆತ್ತಿದರೆ ಗಡಿಗೆಪ್ಪ ಚಹಾ ಕೊಡುತ್ತಾನೆ. ಎಂಥ ಮಾತುಗಾರ ನಾನು, ನಿನಗೆ ಗೊತ್ತಲ್ಲ. ಬಹಳ ಕಷ್ಟ ಶಶಿ.

ಗೆರೆ ಹಾಕಿ ನೋಡಿ ಬೇಗ ಬರೆ.

ಯಲ್ಲಾಲಿಂಗ


ರಾಯಚೂರು
20 ನವೆಂಬರ್ 2025

ಅಣ್ಣಾ,

ಗೆರೆ ಹಾಕಿ ನೋಡಿದೆ. ಗಾಡಿಯ ಗುಣ ತಿಳಿಯುವುದೇ ಇಲ್ಲ. ಭಾರ ಇದ್ದಾಗ ಫೋರ್ಕ್ ಹಾಕಿದ ಗೆರೆಯಲ್ಲೇ ನಿಲ್ಲುತ್ತದೆ. ಖಾಲಿ ಇದ್ದಾಗ ಅಂಗೈಯಗಲ ಜಾರುತ್ತದೆ. ರಾಡು ಒಂದು ದಿನ ಒಣಗಿರುತ್ತದೆ, ಒಂದು ದಿನ ಎಣ್ಣೆ ಇರುತ್ತದೆ. ನಿನ್ನೆ ಲಿವರ್ ಎಳೆದರೆ ಇಳಿಯಲೇ ಇಲ್ಲ.

ಇಷ್ಟೆಲ್ಲ ಆದ ಮೇಲೂ ನೀನು ಬರುವುದಿಲ್ಲ ಎಂದರೆ ಹೇಗೆ? ಪೆಟ್ಟಿಗೆಯಲ್ಲಿರುವ ಎಣ್ಣೆಯ ಒತ್ತಡ ನೋಡುವ ಗೇಜು ಹಚ್ಚಿ ನೋಡಿದರೆ ಒಂದು ತಾಸಿನ ಕೆಲಸ ಅಂತ ಎಲ್ಲರೂ ಅನ್ನುತ್ತಾರೆ. ಎಳ್ಳಮಾಸಿ ಹತ್ತಿರ ಬಂತು. ತಿರುಪತಿಗೆ ಪೆಟ್ಟಿಗೆ ಕೊಡುವುದಿಲ್ಲ ಎಂದು ಹೇಳಿ ಕಳಿಸು. ನೀನು ಬಂದು ಒಮ್ಮೆ ಗಾಡಿಗೆ ಕೈ ಹಚ್ಚಿದರೆ ನಿನ್ನ ಜೀವಕ್ಕೇ ಬಲ ಬರುತ್ತದೆ. ಇಲ್ಲಿ ಗೋದಾಮಿನಲ್ಲೇ ನಿನಗೆ ಕೆಲಸ ಕೊಡಿಸುತ್ತೇನೆ. ಮಾತು ಬೇಕಾಗಿಲ್ಲ ಈ ಕೆಲಸಕ್ಕೆ.

ದಿನಾ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಬರುತ್ತೇನೆ, ಇಮಾಮಹುಸೇನ ಅಣ್ಣನ ಬಸ್ಸಿನಿಂದ ನೀನು ಇಳಿಯಬಹುದು ಎಂದು.

ಶಶಿಕಲಾ


ದೇವದುರ್ಗ
27 ನವೆಂಬರ್ 2025

ಶಶಿಕಲಾಗೆ,

ಫೋರ್ಕು ಇಳಿಯುವುದು ಮೇಲಿನ ಭಾರ ಎಣ್ಣೆಯನ್ನು ಒತ್ತಿದಾಗ. ಭಾರ ಹೇರಿದರೆ ನಿಲ್ಲುತ್ತದೆ, ಖಾಲಿ ಇದ್ದರೆ ಜಾರುತ್ತದೆ ಎನ್ನುವ ಗಾಡಿಯನ್ನು ಇನ್ನೂ ಯಾರೂ ಮಾಡಿಲ್ಲ. ನಾನು ಕಲಿಸಿದ ರೋಗಗಳನ್ನೆಲ್ಲ ಒಂದೊಂದಾಗಿ ತೆಗೆದು ಒಂದೇ ಗಾಡಿಗೆ ಅಂಟಿಸಿದ್ದೀಯ. ಸುಳ್ಳು ಹೇಳುವುದಕ್ಕಾದರೂ ಗಮನ ಬೇಕು. ಮುಚ್ಚಳ ತೊಳೆದ ದಿನವೇ ನಿನ್ನ ಗಾಡಿ ಸರಿಯಾಗಿದೆ.

ನಾನು ಇಲ್ಲಿ ಗೋಡೆ ತುಂಬ ಪೈಪು ಬರೆದುಕೊಂಡು ಕುಳಿತಿದ್ದೆ. ನನ್ನಿಂದ ಇನ್ನೂ ಒಬ್ಬರಿಗೆ ಉಪಯೋಗವಿದೆ ಎಂದು ಹುಚ್ಚನ ಹಾಗೆ ಖುಷಿಪಟ್ಟೆ. ನಿನ್ನ ಕಾಗದ ಓದಿದ ಮೇಲೆ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ.

ನೀನು ಸುಳ್ಳು ಹೇಳಿದೆ, ನಾನು ಹೇಳದೆ ಮುಚ್ಚಿಟ್ಟೆ. ಈಗ ಕೇಳು. ಆಷಾಢದಲ್ಲಿ ಒಬ್ಬನೇ ಹೈದರಾಬಾದಿಗೆ ತೋರಿಸಲು ಹೋದಾಗ ಡಾಕ್ಟರು ಹೇಳಿದರು. ಧೂಳು, ವೆಲ್ಡಿಂಗ್ ಹೊಗೆ, ಎಣ್ಣೆಯ ಆವಿ ಯಾವುದೂ ಈ ತೂತಿನ ಹತ್ತಿರ ಬರಬಾರದು. ನಿಮಗೆಲ್ಲ ಮೂಗು ತಡೆಯುವುದನ್ನು ನನಗೆ ತಡೆಯುವುದು ಕೊರಳಿಗೆ ಕಟ್ಟಿದ ಒಂದು ತುಂಡು ಬಟ್ಟೆ. ಗ್ಯಾರೇಜಿನ ಕೆಲಸ ನನಗೆ ಮುಗಿದಿದೆ. ಪೆಟ್ಟಿಗೆ ಕೊಡಬೇಡ, ಕೊಡಬೇಡ ಎಂದು ನೀನು ಬರೆದಾಗಲೆಲ್ಲ ಅದನ್ನೊಮ್ಮೆ ತೆರೆದು ನೋಡಿ ಮುಚ್ಚುತ್ತಿದ್ದೆ.

ನೀನು ನನ್ನನ್ನು ಕರೆದದ್ದು ಎಲ್ಲಿಗೆ? ಮೆಣಸಿನಕಾಯಿ ಗೋದಾಮಿಗೆ. ಹೊಸಬರು ಸೀನುವುದನ್ನು ನೋಡಿ ನಗುತ್ತೇವೆ ಎಂದು ಬರೆದೆ. ಆ ಘಾಟು ನನ್ನ ಕೊರಳಿಗೆ ನೇರ ಹೊಕ್ಕರೆ ನಾನು ಸೀನುವುದಿಲ್ಲ, ಉಸಿರು ಕಟ್ಟಿ ಬೀಳುತ್ತೇನೆ. ಪಂಚಮಿಗೆ ನೀನು ಬಂದಾಗ ಕೆಲಸದಿಂದ ನೇರ ಬಂದಿದ್ದೆ. ನಿನ್ನ ಸೀರೆಯಲ್ಲಿ, ಕೂದಲಲ್ಲಿ, ಕೊನೆಗೆ ಉಂಡಿಯ ಗಂಟಿನಲ್ಲೂ ಘಾಟಿತ್ತು. ನಾನು ಒಳಗೆ ಹೋಗಿ ಚಿಲಕ ಹಾಕಿ, ಸದ್ದಿಲ್ಲದೆ ಕೆಮ್ಮುತ್ತ ನೆಲದ ಮೇಲೆ ಬಿದ್ದಿದ್ದೆ. ನೀನು ಬಾಗಿಲು ಬಡಿಯುತ್ತ, "ಅಣ್ಣಾ, ನಾ ಏನ್ ಮಾಡೀನಿ?" ಎನ್ನುತ್ತಿದ್ದೆ. ಅನ್ನ ಕೊಡುವ ನಿನ್ನ ಕೆಲಸವೇ ನನಗೆ ವಿಷ ಎಂದು ಹೇಗೆ ಬರೆಯಲಿ?

ಇನ್ನೊಂದು ಮಾತು. ಇಷ್ಟು ಕಾಗದ ಬರೆದೆಯಲ್ಲ, ಎಲ್ಲದರಲ್ಲೂ ಗಾಡಿ ನೋಡಲು ಬಾ, ಪೆಟ್ಟಿಗೆ ತಾ ಎಂದೇ ಇದೆ. ನೀನು ಮೆಕ್ಯಾನಿಕ್ ಯಲ್ಲಾಲಿಂಗನನ್ನು ಕರೆದೆ. ಅವನು ಈಗ ಇಲ್ಲ. ನಿನ್ನ ಅಣ್ಣನನ್ನು ಯಾರೂ ಕರೆಯಲಿಲ್ಲ.

ಯಲ್ಲಾಲಿಂಗ


ರಾಯಚೂರು
5 ಡಿಸೆಂಬರ್ 2025

ಅಣ್ಣಾ,

ಹೌದು, ಗಾಡಿ ಅವತ್ತೇ ಸರಿಯಾಯಿತು. ಮುಚ್ಚಳ ತೊಳೆದು ಹಾಕಿ ಲಿವರ್ ಎಳೆದಾಗ ಫೋರ್ಕ್ ಸಲೀಸಾಗಿ ಮೇಲಿನ ರ್ಯಾಕಿಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಸಂತೋಷವಾಗಲಿಲ್ಲ. ಇನ್ನು ನಿನಗೆ ಬರೆಯಲು ಏನಿದೆ ಎಂಬ ಯೋಚನೆಯೇ ಮೊದಲು ಬಂತು. ಇಡೀ ದಿನ ದಪ್ಪ ಕೋಟು ಹಾಕಿಕೊಂಡು ಆ ಚಳಿ ಕೋಣೆಯೊಳಗೆ ಒಬ್ಬಳೇ ಗಾಡಿ ಓಡಿಸುತ್ತೇನೆ. ರೂಮಿಗೆ ಬಂದರೆ ಉಂಡ್ಯಾ ಎಂದು ಕೇಳುವವರಿಲ್ಲ. ನನ್ನನ್ನು ಬೈಯುವ ಹಕ್ಕಿರುವುದು ನಿನಗೊಬ್ಬನಿಗೆ. ಆ ಬೈಗುಳಕ್ಕಾಗಿ ಸುಳ್ಳು ಹೇಳಿದೆ.

ಪಂಚಮಿಯ ದಿನದ್ದನ್ನು ಮತ್ತೆ ಮತ್ತೆ ಓದಿದೆ. ನೀನು ಬಾಗಿಲಿನ ಆ ಕಡೆ ಹಾಗೆ ಬಿದ್ದಿದ್ದೆ, ನಾನು ಈ ಕಡೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದೆ. ನನಗೆ ಘಾಟು ಹತ್ತುವುದೇ ಇಲ್ಲ ಅಣ್ಣಾ. ಅದು ನನ್ನ ಮೈಯ ವಾಸನೆಯೇ ಆಗಿಬಿಟ್ಟಿದೆ.

ಈಗ ಕೆಲಸದ ಬಟ್ಟೆಯನ್ನು ಗೋದಾಮಿನಲ್ಲೇ ಬಿಡುತ್ತೇನೆ. ಅಲ್ಲೇ ಹಿಂದಿನ ನಲ್ಲಿಯಲ್ಲಿ ತಲೆಗೂ ನೀರು ಹಾಕಿಕೊಂಡು ಬೇರೆ ಬಟ್ಟೆ ಉಟ್ಟು ಬರುತ್ತೇನೆ. ಈ ಚಳಿಯಲ್ಲಿ ಇದೇನು ಎಂದು ಹುಲಗೆಮ್ಮಕ್ಕ ಕೇಳಿದಳು. ಹೇಳಿದೆ. ಮರುದಿನದಿಂದ ಅವಳು ಒಲೆ ಹೂಡಿ ನೀರು ಕಾಯಿಸಿ ಇಡುತ್ತಿದ್ದಾಳೆ. ರೂಮಿನ ಕೌದಿ, ಚಾದರ, ಪರದೆ ಎಲ್ಲ ಕುದಿಸಿ ಒಗೆದೆ. ಗೋಡೆಗೆ ಸುಣ್ಣ ಹೊಡೆದೆ. ನೂರ್ ಬೀ ನನ್ನ ರೂಮಿಗೆ ಬಂದಾಗಲೆಲ್ಲ ಸೀನುತ್ತಿದ್ದಳು, ನೆಗಡಿ ಇರಬೇಕು ಎಂದುಕೊಂಡಿದ್ದೆ. ಮೊನ್ನೆ ಅವಳನ್ನು ಕರೆದು ಒಂದು ತಾಸು ಕೂಡಿಸಿಕೊಂಡೆ. "ಇವತ್ತ ಏನೂ ಇಲ್ಲವಾ, ಮೂಗು ತಣ್ಣಗದ" ಎಂದಳು.

ಪೆಟ್ಟಿಗೆಯನ್ನು ತಿರುಪತಿಗೆ ಕೊಟ್ಟುಬಿಡು. ಅದರ ಮಾತು ಇನ್ನು ಎತ್ತುವುದಿಲ್ಲ. ಲಿಫ್ಟಿಗೆ ಏನೂ ಆಗಿಲ್ಲ. ನೋಡುವ ಕೆಲಸ ಏನೂ ಇಲ್ಲ. ನನ್ನ ಮನೆಗೆ ಬಾ ಅಣ್ಣಾ, ಸುಮ್ಮನೆ ಬಂದು ಇರು.

ಶಶಿಕಲಾ


ದೇವದುರ್ಗ
24 ಡಿಸೆಂಬರ್ 2025

ಶಶಿಗೆ,

ಎಳ್ಳಮಾಸಿ ಕಳೆದ ಮೇಲೆ ತಿರುಪತಿ ಬಂದು ಪೆಟ್ಟಿಗೆ ಒಯ್ದ. ಒಂದೊಂದೇ ಪಾನಾ ತೆಗೆದು ಒರೆಸಿ ಕೊಟ್ಟೆ. "ನಿಮ್ಮ ಸಾಮಾನ ನಾ ಹಗುರ ಮಾಡಂಗಿಲ್ಲ ಬಿಡ್ರಿ ಅಣ್ಣಾರ" ಎಂದ, ಒಳ್ಳೆಯ ಮನುಷ್ಯ. ಅವನು ಹೋದ ಮೇಲೆ ಪೆಟ್ಟಿಗೆ ಇದ್ದ ಮೂಲೆಯಲ್ಲಿ ನೆಲ ಚೌಕವಾಗಿ ಬೆಳ್ಳಗೆ ಉಳಿದಿತ್ತು. ಅದನ್ನು ನೋಡಿ ಅಳು ಬಂತು. ನನ್ನ ಅಳುವಿಗೂ ಈಗ ಸದ್ದಿಲ್ಲ, ಹಾಗಾಗಿ ಪಕ್ಕದ ಮನೆಯವರಿಗೆ ತಿಳಿಯಲಿಲ್ಲ.

ಮೊನ್ನೆ ಸೋಮವಾರ ನಾನು ಹೊರಟಿದ್ದೆ. ನಿನಗೆ ಹೇಳದೆ ಬಂದು ಬಾಗಿಲಲ್ಲಿ ನಿಲ್ಲೋಣ ಎಂದುಕೊಂಡಿದ್ದೆ. ಹೊಸ ಅಂಗಿ ಹಾಕಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಇಮಾಮಹುಸೇನ ಏನೂ ಕೇಳದೆ ರಾಯಚೂರಿಗೆ ಟಿಕೆಟ್ ಹರಿದು ಕೊಟ್ಟ. ಕಿಟಕಿಯ ಗಾಳಿಗೆ ಬಟ್ಟೆ ಮೇಲೆದ್ದಿತು. ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ನೋಡಿ, ತೊಡೆಯ ಮೇಲಿನ ಕೂಸಿನ ಕಣ್ಣಿಗೆ ಕೈ ಅಡ್ಡ ಹಿಡಿದು ಎದ್ದು ಹಿಂದಕ್ಕೆ ಹೋದಳು. ಅವಳದು ತಪ್ಪಲ್ಲ, ಕೂಸು ಹೆದರಬಾರದು ಎಂದು. ಬಸ್ಸು ತುಂಬ ಜನ ನಿಂತಿದ್ದರು, ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂಡಲಿಲ್ಲ. ಗಬ್ಬೂರು ಬಂದಾಗ ಇಳಿದುಬಿಟ್ಟೆ. "ಇನ್ನಾ ಅರ್ಧ ದಾರಿ ಅದ ಅಣ್ಣಾ, ಕೂಡ್ರಿ" ಎಂದು ಇಮಾಮಹುಸೇನ ಕೈ ಹಿಡಿದ. ನನ್ನಿಂದ ಆಗಲಿಲ್ಲ. ಸ್ಟ್ಯಾಂಡಿನಲ್ಲಿ ಕುಳಿತು, ದೇವದುರ್ಗದ ಬಸ್ಸು ಬಂದಾಗ ಹತ್ತಿ ವಾಪಸು ಬಂದೆ. ನೀನು ಅಲ್ಲಿ ಸುಣ್ಣ ಹೊಡೆದು ಕಾಯುತ್ತಿದ್ದೀಯ ಎಂದು ಗೊತ್ತಿದ್ದೂ ಬಂದೆ.

ಒಬ್ಬನೇ ನನಗೆ ಆಗುವುದಿಲ್ಲ ಶಶಿ. ಇದನ್ನು ಬರೆಯುವುದಕ್ಕೆ ನನಗೆ ಎಷ್ಟು ನಾಚಿಕೆಯಾಗುತ್ತಿದೆ ಎಂದು ನಿನಗೆ ತಿಳಿಯುತ್ತದೆ. ಪಕ್ಕದ ಸೀಟಿನಲ್ಲಿ ಒಬ್ಬರಿದ್ದರೆ ಸಾಕು. ಈ ಭಾನುವಾರ ನೀನು ಅಲ್ಲಿಂದ ಬೆಳಗಿನ ಬಸ್ಸಿಗೆ ಗಬ್ಬೂರಿಗೆ ಬಾ. ಅಷ್ಟು ದೂರ ನಾನು ಬರುತ್ತೇನೆ, ಅಷ್ಟು ಬಂದು ಅಭ್ಯಾಸವಾಗಿದೆ. ಅಲ್ಲಿಂದ ಮುಂದಕ್ಕೆ ನೀನು ಕರೆದುಕೊಂಡು ಹೋಗು.

ಸ್ಟ್ಯಾಂಡಿನಲ್ಲಿ ಜನ ಬಹಳ ಇರುತ್ತಾರೆ. ನೀನು ಬಸ್ಸಿನಿಂದ ಇಳಿದದ್ದು ಕಂಡರೂ ನಾನು ಕೂಗಿ ಕರೆಯಲಾರೆ. ನೀನೇ ನನ್ನನ್ನು ಹುಡುಕಬೇಕು.

ನಿನ್ನ ಅಣ್ಣ,
ಯಲ್ಲಾಲಿಂಗ